ಲೋಕಲ್ಲೂ ಅಲ್ಲ, ಜನರಲ್ಲೂ ಅಲ್ಲ: ‘ಅರಿವಳಿಕೆ’ ಪಡುವ ಪಾಡು

ವೃದ್ಧೆಯೊಬ್ಬರಿಗೆ ‘ಸ್ಥಳೀಯ ಅರಿವಳಿಕೆ’ (ಲೋಕಲ್ ಅನಸ್ತೇಷಿಯಾ) ಕೊಟ್ಟು ಎರಡೂ ಮಂಡಿಗಳ ಕೀಲು ಬದಲಿಸಿದರಂತೆ. ಕಳೆದ ವಾರ ಇಂಥದೊಂದು ಸುದ್ದಿ ಓದಿದೆ. ಹೋದ ತಿಂಗಳೂ ಓದಿದ್ದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರೂ ಇದನ್ನೇ ಹೇಳಿದರು: “ನಮ್ಮ ತಂದೆಗೆ ಲೋಕಲ್ಲೇ ಕೊಟ್ಟರು ಸಾರ್, ಜನರಲ್ ಬೇಡ ಅಂದೆವು.” ಅವರ ತಂದೆಗೆ ಕೊಟ್ಟದ್ದು ಲೋಕಲ್ ಅಲ್ಲ. ಮಂಡಿಯ ಕೀಲನ್ನೇ ಕತ್ತರಿಸಿ ತೆಗೆದು ಲೋಹದ ಕೀಲು ಕೂರಿಸುವ ಕೆಲಸವನ್ನು ಬರೀ ಲೋಕಲ್‌ನಲ್ಲಿ ಮಾಡುವ ರೂಢಿ ಇಲ್ಲ. ಅವರ ಬೆನ್ನಿಗೆ ಸೂಜಿ ಹಾಕಿರುತ್ತಾರೆ. ಅದಕ್ಕೆ ಬೇರೆ ಹೆಸರಿದೆ.

ನಮ್ಮಲ್ಲಿ ಈ ಎರಡು ಇಂಗ್ಲಿಷ್ ಪದಗಳು ಆಸ್ಪತ್ರೆಗೆ ಬರುವ ಮೊದಲೇ ಬೇರೆ ಅರ್ಥ ಹೊತ್ತುಕೊಂಡಿರುತ್ತವೆ. ‘ಲೋಕಲ್’ ಎಂದರೆ ಅಗ್ಗದ್ದು, ಬ್ರಾಂಡ್ ಇಲ್ಲದ ಮಾಲು. ‘ಜನರಲ್’ ಎಂದರೆ ರೈಲಿನ ಜನರಲ್ ಬೋಗಿ, ಆಸ್ಪತ್ರೆಯ ಜನರಲ್ ವಾರ್ಡು. ಹಣ ಕಟ್ಟಿದ ಮೇಲೂ ಯಾಕೆ ಲೋಕಲ್ ಕೊಟ್ಟರು ಎಂದು ಜಗಳಕ್ಕೆ ನಿಂತವರನ್ನು ನಾನು ನೋಡಿದ್ದೇನೆ. ಸ್ಪೆಷಲ್ ವಾರ್ಡಿನಲ್ಲಿದ್ದರೂ ಜನರಲ್ ಯಾಕೆ ಎಂದು ಕೇಳಿದವರನ್ನೂ ನೋಡಿದ್ದೇನೆ. ಇದಕ್ಕಿಂತ ಅಪಾಯದ್ದು ಅಚ್ಚಕನ್ನಡದ ಮುಖ ಹೊತ್ತು ಬಂದಿರುವ ‘ಸಾಮಾನ್ಯ ಅರಿವಳಿಕೆ’. ಒಪ್ಪಿಗೆ ಪತ್ರಗಳಲ್ಲಿ ಹೀಗೇ ಅಚ್ಚಾಗಿರುತ್ತದೆ. ಸಾಮಾನ್ಯ ಜ್ವರ, ಸಾಮಾನ್ಯ ನೆಗಡಿ ಎಂದು ಓದಿ ಬೆಳೆದವರಿಗೆ ಇದು ‘ಅಂಥದ್ದೇನಿಲ್ಲ, ಮಾಮೂಲಿ’ ಎಂದೇ ಕೇಳಿಸುತ್ತದೆ. ಆದರೆ ಅಲ್ಲಿ ‘ಜನರಲ್’ ಎಂದರೆ ಮಾಮೂಲಿ ಅಲ್ಲ, ಇಡೀ ದೇಹಕ್ಕೆ ಸಂಬಂಧಿಸಿದ್ದು. ಪ್ರಜ್ಞೆ ಪೂರ್ತಿ ಹೋಗುತ್ತದೆ, ಎಷ್ಟೋ ಸಲ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುತ್ತಾರೆ. ಇದರಲ್ಲಿ ಸಾಮಾನ್ಯವಾದದ್ದು ಏನೂ ಇಲ್ಲ. ‘ಪೂರ್ಣ ಅರಿವಳಿಕೆ’ ಎಂದರೆ ಮುಗಿಯಿತು. ಯಾಕೋ ಆ ಪದ ಅಚ್ಚಿಗೆ ಏರುತ್ತಿಲ್ಲ.

ಇನ್ನು ‘ಅರಿವಳಿಕೆ’. ನನಗೆ ಈ ಪದ ಇಷ್ಟ, ಅದಕ್ಕೇ ಅದರ ಮೇಲೆ ಸಿಟ್ಟು. ಅರಿವು ಅಳಿಯುವುದು ಅರಿವಳಿಕೆ, ಇಷ್ಟು ಎಲ್ಲರಿಗೂ ಗೊತ್ತು. ಗಮನಿಸದೆ ಹೋಗುವುದು ಇದರೊಳಗೆ ಅಡಗಿರುವ ಎರಡು ಸತ್ತ ಅಕ್ಷರಗಳನ್ನು. ತಿಳಿ ಎಂಬ ಅರ್ಥದ ‘ಅರಿ’ ಹಳಗನ್ನಡದಲ್ಲಿ ‘ಅಱಿ’. ನಾಶವಾಗು ಎಂಬ ಅರ್ಥದ ‘ಅಳಿ’ ಅಲ್ಲಿ ‘ಅೞಿ’. ಪದ ಹೊಸದೇ ಆದರೂ ಎಲುಬು ಹಳೆಯವು. ಹಳೆಯ ಕಾಗುಣಿತದಲ್ಲಿ ಬರೆದರೆ ‘ಅಱಿವೞಿಕೆ’ ಎಂದಾಗುತ್ತದೆ. ವರ್ಣಮಾಲೆಯಿಂದ ಬಿದ್ದುಹೋದ ಎರಡೂ ಅಕ್ಷರಗಳು ಒಂದೇ ಪದದಲ್ಲಿ ಜೊತೆಯಾಗಿ ಮಲಗಿವೆ. ಅರಿವಳಿಕೆ ಕೊಟ್ಟವರು ಯಾರೋ ತಿಳಿಯದು.

ತೊಂದರೆ ಇರುವುದು ‘ಅರಿವು’ ಎಂಬುದರ ಹರವಿನಲ್ಲಿ. ಅರಿವೇ ಗುರು ಎಂದು ಹೇಳಿಕೊಂಡು ಬಂದ ನಾಡು ನಮ್ಮದು. ಇಲ್ಲಿ ಅರಿವು ಎಂದರೆ ತಿಳಿವಳಿಕೆ, ಎಚ್ಚರ, ಪ್ರಜ್ಞೆ. ಅದು ಅಳಿಯಿತು ಎಂದರೆ ಮನುಷ್ಯ ಎಚ್ಚರ ತಪ್ಪಿದ ಎಂದೇ ಅರ್ಥವಾಗಬೇಕು. ಹಾಗಾದರೆ ‘ಸ್ಥಳೀಯ ಅರಿವಳಿಕೆ’ ಎಂದರೇನು, ಬೆರಳಿಗೆ ಮಾತ್ರ ಎಚ್ಚರ ತಪ್ಪುವುದೇ? ಆದರೆ ನಾವೇ ‘ಮುಳ್ಳು ಚುಚ್ಚಿದ ಅರಿವೇ ಆಗಲಿಲ್ಲ’ ಎಂದೂ ಹೇಳುತ್ತೇವಲ್ಲ. ಅಲ್ಲಿ ಅರಿವು ಎಂದರೆ ಪ್ರಜ್ಞೆಯಲ್ಲ, ಮೈಗೆ ಗೊತ್ತಾಗುವಿಕೆ. ಗ್ರೀಕ್ ಮೂಲವೂ ಇದೇ ಕಡೆಗಿದೆ. ಐಸ್ಥೆಸಿಸ್ ಎಂದರೆ ಇಂದ್ರಿಯಗಳಿಂದ ಆಗುವ ಸಂವೇದನೆ, ಅದು ಇಲ್ಲದಿರುವುದು ಅನಸ್ತೇಷಿಯಾ. ಸೌಂದರ್ಯಮೀಮಾಂಸೆಗೆ ಇಂಗ್ಲಿಷಿನಲ್ಲಿರುವ ಈಸ್ಥೆಟಿಕ್ಸ್ ಎಂಬ ಹೆಸರೂ ಇದೇ ಬೇರಿನದು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ತೋರಿಸಿದ ಮೇಲೆ, ಈ ಸ್ಥಿತಿಗೆ ‘ಅನಸ್ತೇಷಿಯಾ’ ಎಂದು ಹೆಸರಿಡಬಹುದು ಎಂದು ಅವರಿಗೆ ಪತ್ರ ಬರೆದವರು ವೈದ್ಯರೂ ಕವಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್. ಪದ ಹಳೆಯದು, ಹೊಸ ಕೆಲಸಕ್ಕೆ ಹಚ್ಚಿದ್ದು ಅವರು.

ಅಂದರೆ ‘ಅರಿವಳಿಕೆ’ ತಪ್ಪು ಪದವಲ್ಲ, ನಾವು ಕೇಳಿಸಿಕೊಳ್ಳುವುದು ತಪ್ಪು. ತೆಲುಗಿನ ಮತ್ತುಮಂದು, ತಮಿಳಿನ ಮಯಕ್ಕಮರುಂದು ಇವೆರಡೂ ಮತ್ತು, ಮೈಮರೆವುಗಳ ಕಡೆಗೇ ವಾಲಿವೆ. ಅವರ ಪಾಡು ನಮ್ಮದಕ್ಕಿಂತ ಕಷ್ಟ. ನಮಗಾದರೂ ‘ಜೋಮು ಹಿಡಿಯುವುದು’ ಇದೆ, ‘ಮರಗಟ್ಟುವುದು’ ಇದೆ. ಕಾಲು ಮರವಾಯಿತು ಎನ್ನುವುದಕ್ಕಿಂತ ಚೆನ್ನಾಗಿ ಇದನ್ನು ಇನ್ನಾವ ಭಾಷೆ ಹೇಳೀತು? ಮರಗಟ್ಟುವುದು ಬೇರೆ, ಎಚ್ಚರ ತಪ್ಪುವುದು ಬೇರೆ. ಈ ಎರಡನ್ನು ಬಿಡಿಸಿಟ್ಟುಕೊಂಡರೆ ಮಂಡಿಯ ವಿಚಾರ ಅರ್ಧ ತಿಳಿದಂತೆ.

ಈಗ ಮಂಡಿ. ಲೋಕಲ್ ಎಂದರೆ ಹಲ್ಲು ಕೀಳುವಾಗ ಒಸಡಿಗೆ ಹಾಕುವಂಥದ್ದು. ಮದ್ದು ಹಾಕಿದಲ್ಲಿ, ಅದರ ಸುತ್ತ ಮಾತ್ರ ಮರಗಟ್ಟುತ್ತದೆ. ಮಂಡಿಯೊಳಗೆ ಪುಟ್ಟ ಕ್ಯಾಮೆರಾ ತೂರಿಸಿ ನೋಡುವ ಆರ್ತ್ರೋಸ್ಕೋಪಿಯನ್ನು, ಚಿಕ್ಕಪುಟ್ಟದ್ದಾದರೆ, ಇದರಲ್ಲೇ ಮುಗಿಸಬಹುದು. ತೂತು ಮಾಡುವ ಜಾಗಕ್ಕೂ ಕೀಲಿನೊಳಕ್ಕೂ ಮದ್ದು ಹಾಕುತ್ತಾರೆ. ಅದಕ್ಕಿಂತ ದೊಡ್ಡದಕ್ಕೆ ಯಾಕಾಗದು? ರಕ್ತ ಸುರಿಯದಂತೆ ತೊಡೆಗೆ ಗಾಳಿ ತುಂಬಿದ ಪಟ್ಟಿ ಬಿಗಿಯುತ್ತಾರಲ್ಲ, ಸ್ವಲ್ಪ ಹೊತ್ತಿಗೆಲ್ಲ ಆ ಪಟ್ಟಿಯೇ ನೋಯತೊಡಗುತ್ತದೆ. ಮಂಡಿಗೆ ಹಾಕಿದ ಮದ್ದಿಗೆ ತೊಡೆಯ ನೋವು ಗೊತ್ತಿಲ್ಲ. ಜೊತೆಗೆ ಮಂಡಿಗೆ ನರ ಬರುವುದು ಒಂದೇ ದಾರಿಯಿಂದಲ್ಲ; ತೊಡೆಯ ಮುಂದಿನಿಂದ, ಒಳಬದಿಯಿಂದ, ಹಿಂದಿನಿಂದ ಹೀಗೆ ಹಲವು ಕಡೆಯಿಂದ ಬರುತ್ತದೆ.

ಹಾಗಾಗಿ ಎಲ್ಲ ದಾರಿಗಳೂ ಕೂಡುವಲ್ಲಿಗೇ ಹೋಗುತ್ತಾರೆ, ಬೆನ್ನಿಗೆ. ಇದು ಸ್ಪೈನಲ್. ಲೋಕಲ್‌ಗೂ ಜನರಲ್‌ಗೂ ಸೇರದ ಮೂರನೆಯ ಬಣವಾದ, ದೇಹದ ಒಂದು ಭಾಗವನ್ನಿಡೀ ಮರಗಟ್ಟಿಸುವ ‘ಪ್ರಾದೇಶಿಕ ಅರಿವಳಿಕೆ’ಯ ಕುಟುಂಬದ್ದು. ಮದ್ದು ಮಾತ್ರ ಲೋಕಲ್‌ನ ಬಂಧುವೇ, ಬಹಳ ಸಲ ಬ್ಯುಪಿವಕೇನ್. ಗೊಂದಲ ಹುಟ್ಟುವುದು ಬಹುಶಃ ಇಲ್ಲಿಂದಲೇ. ಮದ್ದಿನ ಜಾತಿಯನ್ನು ವಿಧಾನದ ಹೆಸರೆಂದು ತಿಳಿಯುತ್ತಾರೆ. ಸೊಂಟದಿಂದ ಕೆಳಗೆ ಎರಡು ಮೂರು ಗಂಟೆ ಕಾಲುಗಳು ನಿಮ್ಮವಲ್ಲ. ನಿಜಕ್ಕೂ ಅಲ್ಲ: ಮಂಚದ ಮೇಲೆ ಚಾಚಿಕೊಂಡಿರುವ ಕಾಲು ಮೇಲೆತ್ತಿದಂತೆಯೇ ಇದೆ ಎಂದು ಕೆಲವರಿಗೆ ಅನಿಸುತ್ತಿರುತ್ತದೆ. ಮರಗಟ್ಟುವ ಮುಂಚೆ ಕಾಲು ಯಾವ ಭಂಗಿಯಲ್ಲಿತ್ತೋ ಅದೇ ಸುದ್ದಿಯನ್ನು ಮಿದುಳು ಹಿಡಿದುಕೊಂಡು ಕುಳಿತಿರುತ್ತದೆ.

ಸ್ಪೈನಲ್ ಮೊದಲು ಸಾಬೀತಾದದ್ದೂ ಕಾಲಿನ ಮೇಲೆಯೇ. 1898ರ ಆಗಸ್ಟಿನಲ್ಲಿ ಜರ್ಮನಿಯ ಕೀಲ್ ಪಟ್ಟಣದಲ್ಲಿ (ಹೌದು, ಊರಿನ ಹೆಸರೇ ಕೀಲ್) ಔಗುಸ್ಟ್ ಬೀರ್ ಎಂಬ ಶಸ್ತ್ರವೈದ್ಯರು ಕ್ಷಯ ತಗುಲಿದ ಪಾದದ ಕೀಲಿನ ರೋಗಿಯ ಬೆನ್ನಿಗೆ ಕೊಕೇನ್ ಹಾಕಿ ಕೆಲಸ ಮುಗಿಸಿದರು. ಆಮೇಲೆ ತಾವೂ ಸಹಾಯಕ ಹಿಲ್ಡೆಬ್ರಾಂಟರೂ ಪರಸ್ಪರ ಪ್ರಯೋಗಕ್ಕಿಳಿದರು. ಬೀರ್ ಅವರ ಸರದಿಯಲ್ಲಿ ಸಿರಿಂಜು ಸೂಜಿಗೆ ಹೊಂದಲಿಲ್ಲ, ಬೆನ್ನಿನ ದ್ರವ ಸೋರಿಹೋಯಿತು. ಹಿಲ್ಡೆಬ್ರಾಂಟರ ಸರದಿ ಫಲಿಸಿತು. ಕಣಕಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೂ ನೋವಿಲ್ಲ. ದ್ರವ ಸೋರಿಸಿಕೊಂಡ ಬೀರ್ ಆಮೇಲೆ ಎಷ್ಟೋ ದಿನ, ಮಲಗಿದರೆ ಇಳಿಯುವ ಎದ್ದರೆ ಏರುವ ತಲೆನೋವಿನಿಂದ ನರಳಿದರು. ಆ ತಲೆನೋವು ಇಂದಿಗೂ ಅಪರೂಪಕ್ಕೆ ಬರುವುದುಂಟು. ಸೂಜಿ ಕೂದಲಿನತ್ತ ಸಣ್ಣದಾಗುತ್ತ ಬಂದಂತೆ ಕಡಿಮೆಯಾಗಿದೆ.

‘ಬೆನ್ನುಹುರಿಗೆ ಇಂಜೆಕ್ಷನ್’ ಎಂದು ಬರೆಯುವವರಿಗೂ ಒಂದು ಮಾತು. ಬೆನ್ನುಹುರಿ ಸೊಂಟದ ಮೊದಲ ಎರಡು ಕಶೇರುಗಳ ಹೊತ್ತಿಗೇ ಮುಗಿದಿರುತ್ತದೆ. ಸೂಜಿ ಇಳಿಯುವುದು ಅದಕ್ಕಿಂತ ಕೆಳಗೆ, ದ್ರವದೊಳಕ್ಕೆ. ಹುರಿಯನ್ನು ಚುಚ್ಚುವುದಿಲ್ಲ. ಜೀವಮಾನವಿಡೀ ಬೆನ್ನುನೋವು ಎಂಬ ಮಾತನ್ನು ಹೆರಿಗೆ ಕಥೆಗಳಲ್ಲಿ ಕೇಳಿ ಹೆದರುವವರು ಅನೇಕರಿದ್ದಾರೆ. ಸೂಜಿ ಹಾಕಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ.

ಹಾಗಾದರೆ ಯಾವುದು? ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಬಹಳ ಆಸ್ಪತ್ರೆಗಳ ಒಲವು ಸ್ಪೈನಲ್ ಕಡೆಗೆ, ಅದರ ಮೇಲೊಂದು ತೊಡೆಯ ನರದ ಬ್ಲಾಕ್, ಎಂದರೆ ಆ ನರದ ಸುತ್ತ ಮದ್ದು ಹಾಕಿ ಅದನ್ನು ಮರಗಟ್ಟಿಸುವುದು. ಗಂಟಲಿಗೆ ಕೊಳವೆ ಬೇಡ, ವಾಂತಿ ಕಡಿಮೆ, ಶಸ್ತ್ರಚಿಕಿತ್ಸೆ ಮುಗಿದ ಮೊದಲ ಗಂಟೆಗಳಲ್ಲಿ ನೋವು ಕಡಿಮೆ. ಇದಕ್ಕೂ ಬೆಲೆ ಇದೆ: ರಕ್ತದೊತ್ತಡ ಕುಸಿಯಬಹುದು, ನಡುಕ ಬರಬಹುದು, ಮೂತ್ರ ಕಟ್ಟಬಹುದು. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸದೆ ಬಂದವರಿಗೆ, ಬೆನ್ನಿನ ಚರ್ಮದಲ್ಲಿ ಸೋಂಕಿರುವವರಿಗೆ, ಪ್ಲೇಟ್‌ಲೆಟ್ ತೀರ ಕಡಿಮೆ ಇರುವವರಿಗೆ, ಹೃದಯದ ಕವಾಟ ವಿಪರೀತ ಕಿರಿದಾದವರಿಗೆ ಪೂರ್ಣ ಅರಿವಳಿಕೆಯೇ ಸರಿ ಎನಿಸಬಹುದು. ವಯಸ್ಸಾದವರಿಗೆ ಪೂರ್ಣ ಕೊಟ್ಟರೆ ಬುದ್ಧಿ ಮಂಕಾಗುತ್ತದೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವವರಿಗಾಗಿ: 2021ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಕೀಲಿನ ಬಳಿ ಮೂಳೆ ಮುರಿದ, 50 ದಾಟಿದ 1,600 ಜನರ ಮೇಲೆ ನಡೆದ ಅಧ್ಯಯನದಲ್ಲಿ ಸ್ಪೈನಲ್‌ಗೂ ಪೂರ್ಣಕ್ಕೂ 60 ದಿನಗಳ ಸಾವು, ನಡಿಗೆಗಳ ಲೆಕ್ಕದಲ್ಲಾಗಲಿ, ಆಸ್ಪತ್ರೆಯಲ್ಲಿ ಬರುವ ಬುದ್ಧಿಗೊಂದಲದಲ್ಲಾಗಲಿ ದೊಡ್ಡ ಅಂತರ ಕಾಣಲಿಲ್ಲ. ಅದು ಮಂಡಿಯಲ್ಲ, ನಿಜ. ಆದರೂ ಪೂರ್ಣ ಅರಿವಳಿಕೆ ಎಂದರೆ ಭೂತ ಎನ್ನುವುದನ್ನು ನಿಲ್ಲಿಸಲು ಸಾಕು. ಈ ಪ್ರಶ್ನೆಗಳನ್ನು ಮೂಳೆ ವೈದ್ಯರ ಬಳಿ ಕೇಳಿ ಬರುವವರೇ ಹೆಚ್ಚು. ಕೇಳಬೇಕಾದದ್ದು ಅರಿವಳಿಕೆ ತಜ್ಞರನ್ನು.

ಸ್ಪೈನಲ್ ಎಂದರೆ ಕಣ್ಣು ಬಿಟ್ಟುಕೊಂಡು ಗರಗಸದ ಸದ್ದು ಕೇಳಬೇಕು ಎಂಬ ಭಯಕ್ಕೆ ಉತ್ತರ ಮಂಪರು. ರಕ್ತನಾಳಕ್ಕೆ ಚೂರು ಮದ್ದು ಬಿಟ್ಟರೆ ತೂಕಡಿಕೆ ಬರುತ್ತದೆ. ‘ಮಂಪರು’ ಎಂದೊಡನೆ ಪತ್ರಿಕೆ ಓದುವ ನಮಗೆ ಆರೋಪಿಗಳ ಮಂಪರು ಪರೀಕ್ಷೆ ನೆನಪಾಗುತ್ತದೆ, ಆ ಪದಕ್ಕೂ ಗ್ರಹಚಾರ. ಮಂಪರಿನಲ್ಲಿ ನಿದ್ದೆ ಹೋಗಿ ಎದ್ದವರು ‘ನನಗೆ ಜನರಲ್ ಕೊಟ್ಟರು’ ಎಂದು ಊರಿಡೀ ಹೇಳುತ್ತಾರೆ. ನಿದ್ದೆ ಬಂದದ್ದಕ್ಕೂ ಮಂಡಿ ನೋಯದಿದ್ದದ್ದಕ್ಕೂ ಕಾರಣ ಬೇರೆ ಬೇರೆ ಎಂದು ಹೇಳಿದರೆ ನಂಬುವುದಿಲ್ಲ.

ಹೆಸರು ತಪ್ಪಾದರೆ ಏನಾಯಿತು ಎನ್ನುವವರಿಗೆ ನನ್ನ ಅತ್ತಿಗೆಯ ತಾಯಿಯ ಕಥೆ ಹೇಳಬೇಕು. ‘ಲೋಕಲ್ ತಾನೇ’ ಎಂದು ಮನೆಯವರು ಬೆಳಿಗ್ಗೆ ಎರಡು ಇಡ್ಲಿ ತಿನ್ನಿಸಿ ಕರೆದೊಯ್ದರು. ಸ್ಪೈನಲ್ ಆದರೂ ಘನ ಆಹಾರ ನಿಂತು ಆರು ಗಂಟೆಯಾಗಿರಬೇಕು. ಸ್ಪೈನಲ್ ಹತ್ತದಿದ್ದರೆ ಪೂರ್ಣಕ್ಕೇ ಹೋಗಬೇಕಾದೀತು, ಆಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೆ ಕುತ್ತು. ಶಸ್ತ್ರಚಿಕಿತ್ಸೆ ಮರುದಿನಕ್ಕೆ ಹೋಯಿತು. ಅಜ್ಜಿ ಮಾತ್ರ ಇಡ್ಲಿ ಚೆನ್ನಾಗಿತ್ತು ಎಂದರು.

ಅವರ ಇನ್ನೊಂದು ಮಂಡಿಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ. ‘ಹೋದ ಸಲ ಏನು ಕೊಟ್ಟಿದ್ದರು’ ಎಂದು ಅರಿವಳಿಕೆ ತಜ್ಞರು ಖಂಡಿತ ಕೇಳುತ್ತಾರೆ. ಬಿಡುಗಡೆ ಪತ್ರದಲ್ಲಿ ‘ಎಸ್.ಎ.’ (ಸ್ಪೈನಲ್ ಅನಸ್ತೇಷಿಯಾ) ಎಂದು ಬರೆದಿರುವುದರ ಸುತ್ತ ಮೊಮ್ಮಗ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಬೆನ್ನಿಗೆ’ ಎಂದು ಬರೆದಿಟ್ಟಿದ್ದಾನೆ.