ಪದ ಪರಿಚಯ: ಸಂದರ್ಭಾವಶ್ಯಕ ಅಮೈನೋ ಆಮ್ಲ

ಹಾಸನದ ಆಸ್ಪತ್ರೆಯೊಂದರಲ್ಲಿ ನಾನು ಆಹಾರ ತಜ್ಞೆ. ಐಸಿಯು ಬಾಗಿಲಲ್ಲಿ ರೋಗಿಗಳ ಮನೆಯವರು ನನ್ನಲ್ಲಿ ಕೇಳಿಕೊಳ್ಳುವುದು ಹೆಚ್ಚಾಗಿ ಒಂದೇ ಮಾತು: ‘ಮೇಡಂ, ಊಟವಿಲ್ಲದೆ ಎರಡು ದಿನವಾಯಿತು, ಶಕ್ತಿ ಬರುವ ಬಾಟಲಿ ಹಾಕಿಸಿ.’ ಆಲೂರಿನ ಕಡೆಯಿಂದ ತಾಯಿಯನ್ನು ಕರೆತಂದಿದ್ದ ಒಬ್ಬರು ಮೊಬೈಲ್‌ನಲ್ಲಿ ಪುಡಿಯ ಡಬ್ಬಿಯೊಂದರ ಚಿತ್ರ ತೋರಿಸಿ, ‘ಇದರಲ್ಲಿ ಗ್ಲುಟಮಿನ್ ಇದೆಯಂತೆ, ಅವಶ್ಯಕವಂತೆ, ತರಲೇ?’ ಎಂದರು. ಆ ‘ಅವಶ್ಯಕ’ ಎಂಬ ಪದವನ್ನೇ ಬಿಡಿಸಿ ಹೇಳಬೇಕಾಗಿದೆ.

ನಾವು ತಿಂದ ಪ್ರೋಟೀನ್ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ದೇಹ ತನ್ನ ಪ್ರೋಟೀನನ್ನು ಕಟ್ಟಿಕೊಳ್ಳಲು ಇಂಥ 20 ಬಗೆಯವು ಬೇಕು. ಅವುಗಳಲ್ಲಿ 9ನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ‘ಅವಶ್ಯಕ’ ಎಂಬ ಹೆಸರು ಅವಕ್ಕೆ ಮಾತ್ರ. ಉಳಿದ 11 ಬೇಡವೆಂದು ಇದರ ಅರ್ಥವಲ್ಲ. ಈ 9 ಊಟದಿಂದಲೇ ಬರಬೇಕು, ಅಷ್ಟೇ. ಈ 9ರಲ್ಲಿ ಒಂದಾದ ಲೈಸೀನ್ ರಾಗಿಯಲ್ಲಿ ಕಡಿಮೆ, ಹುರುಳಿಯಲ್ಲಿ ಧಾರಾಳ. ಇನ್ನೊಂದಾದ, ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೊನೀನನ್ನು ರಾಗಿ ತುಂಬಿಕೊಡುತ್ತದೆ. ಮುದ್ದೆಗೆ ಹುರುಳಿಯ ಜೋಡಿ ಇಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ಕಟ್ಟಿನ ಸಾರು ಮಾತ್ರ ಬಡಿಸಿಕೊಂಡರೆ ಸಾಲದು, ಬೆಂದ ಕಾಳೂ ತಟ್ಟೆಗೆ ಬೀಳಬೇಕು.

ಈ ಎರಡು ಪಟ್ಟಿಗಳ ನಡುವೆ ಇನ್ನೊಂದು ಗುಂಪಿದೆ. ಆರೋಗ್ಯವಿದ್ದಾಗ ದೇಹವೇ ಇವನ್ನು ತಯಾರಿಸಿಕೊಳ್ಳುತ್ತದೆ. ದೊಡ್ಡ ಕಾಯಿಲೆಯಲ್ಲಿ ತಯಾರಿಕೆ ಖರ್ಚಿಗೆ ಸಾಲದೆ ಹೋಗಬಹುದು. ಗ್ಲುಟಮಿನ್, ಆರ್ಜಿನೀನ್, ಸಿಸ್ಟೀನ್ ಈ ಗುಂಪಿನವು. ಇಂಗ್ಲಿಷಿನ ಹೆಸರನ್ನು ಹಾಗೆಯೇ ತಂದರೆ ‘ಷರತ್ತುಬದ್ಧ ಅವಶ್ಯಕ’ ಎಂದಾಗುತ್ತದೆ. ಷರತ್ತು ಎಂದ ಕೂಡಲೇ ನನಗೆ ಕರಾರುಪತ್ರ ನೆನಪಾಗುತ್ತದೆ, ಹಾಗಾಗಿ ‘ಸಂದರ್ಭಾವಶ್ಯಕ’ ಎನ್ನುತ್ತೇನೆ.

ರಕ್ತದಲ್ಲಿ ಬಿಡಿಯಾಗಿ ಓಡಾಡುವ ಅಮೈನೋ ಆಮ್ಲಗಳಲ್ಲಿ ಗ್ಲುಟಮಿನ್ನಿನದೇ ದೊಡ್ಡ ಪಾಲು. ಅದರ ಕಣಜ ನಮ್ಮ ಸ್ನಾಯು. ಕರುಳಿನ ಒಳಪದರದ ಕೋಶಗಳೂ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಅದನ್ನು ಉರಿಸಿಯೇ ಕೆಲಸ ಮಾಡುತ್ತವೆ. ಸೋಂಕು ಮೈಯೆಲ್ಲ ಹರಡಿದಾಗ, ದೊಡ್ಡ ಸುಟ್ಟಗಾಯವಾದಾಗ, ದೇಹ ಸ್ನಾಯುವನ್ನೇ ಕರಗಿಸಿ ಈ ಖರ್ಚು ತೂಗಿಸುತ್ತದೆ. ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದ 2013ರ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಹತ್ತೇ ದಿನಗಳಲ್ಲಿ ಅದು ಶೇಕಡಾ 18ರಷ್ಟು ಸಣ್ಣಗಾಗಿತ್ತು. ಮೈ ಒರೆಸಲು ನರ್ಸ್ ಹೊದಿಕೆ ಸರಿಸಿದಾಗ ಇದನ್ನು ಬರಿಗಣ್ಣಿನಿಂದಲೇ ಕಾಣುತ್ತೇನೆ: ಮೊಣಕಾಲ ಚಿಪ್ಪು ಎದ್ದು ನಿಂತಿರುತ್ತದೆ, ಅದರ ಮೇಲಿನ ತೊಡೆ ತಗ್ಗಾಗಿರುತ್ತದೆ.

ಹಾಗಾದರೆ ಕಡಿಮೆಯಾದದ್ದನ್ನು ಸುರಿದು ತುಂಬಿದರಾಯಿತಲ್ಲ? ವೈದ್ಯಲೋಕವೂ ಬಹುಕಾಲ ಹಾಗೆಯೇ ಆಸೆಪಟ್ಟಿತ್ತು. 2013ರಲ್ಲಿ ಕೆನಡಾದ ತಜ್ಞರ ಮುಂದಾಳತ್ವದ ಪರೀಕ್ಷೆಯೊಂದು ಪ್ರಕಟವಾಯಿತು. ಹಲವು ಅಂಗಗಳು ಸೋತು ವೆಂಟಿಲೇಟರ್ ಮೇಲಿದ್ದ 1,223 ರೋಗಿಗಳು ಅದರಲ್ಲಿದ್ದರು. ಹೆಚ್ಚಿನ ಪ್ರಮಾಣದ ಗ್ಲುಟಮಿನ್ ಪಡೆದವರಲ್ಲಿ ಆರು ತಿಂಗಳೊಳಗಿನ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸುಟ್ಟಗಾಯದವರಿಗಾದರೂ ಉಪಯೋಗವಾದೀತು ಎಂಬ ನಂಬಿಕೆ ಉಳಿದಿತ್ತು. 2022ರ ದೊಡ್ಡ ಪರೀಕ್ಷೆಯಲ್ಲಿ ಅದಕ್ಕೂ ಆಧಾರ ಸಿಗಲಿಲ್ಲ. ಮೂತ್ರಪಿಂಡ, ಯಕೃತ್ತು ಸೋತವರಿಗಂತೂ ಇದನ್ನು ಕೊಡಲೇಬಾರದು. ಡಬ್ಬಿ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೇಕಾದದ್ದು ಯಾವುದೋ ಒಂದು ಅಮೈನೋ ಆಮ್ಲವಲ್ಲ, ಎಲ್ಲವೂ ಇರುವ ಪೂರ್ಣ ಪ್ರೋಟೀನ್. ಕರುಳು ಕೆಲಸ ಮಾಡುತ್ತಿದ್ದರೆ, ರಕ್ತದೊತ್ತಡ ಹಿಡಿತದಲ್ಲಿದ್ದರೆ, 48 ಗಂಟೆಗಳೊಳಗೆ ಮೂಗಿನ ನಳಿಕೆಯಿಂದ ಆಹಾರ ಆರಂಭಿಸುತ್ತೇವೆ. ಕರುಳು ಸೋತಾಗ ಮಾತ್ರ ರಕ್ತನಾಳದ ದಾರಿ. ಆರೋಗ್ಯವಂತರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಐಸಿಯುನಲ್ಲಿ ಮೆಲ್ಲಗೆ 1.3 ಗ್ರಾಂಗೆ ಏರಿಸುವುದು ರೂಢಿ. ಆ ತಾಯಿಯ ತೂಕ 50 ಕಿಲೋ, ಎಂದರೆ ದಿನಕ್ಕೆ 65 ಗ್ರಾಂ. ಹಾಲಿನಲ್ಲೇ ಕೊಡುವುದಾದರೆ ಎರಡು ಲೀಟರ್. ಜನ ಕೇಳುವ ‘ಶಕ್ತಿಯ ಬಾಟಲಿ’, ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್, ಅದರಲ್ಲಿರುವುದು 25 ಗ್ರಾಂ ಸಕ್ಕರೆ. ಪ್ರೋಟೀನ್ ಸೊನ್ನೆ.

ಮೆಲ್ಲಗೆ ಎಂದೆನಲ್ಲ, ಅದಕ್ಕೂ ಕಾರಣವಿದೆ. ಬಹುದಿನ ಹೊಟ್ಟೆಗಿಲ್ಲದ ದೇಹಕ್ಕೆ ಒಮ್ಮೆಲೇ ಆಹಾರ ಹೋದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯ, ಉಸಿರಾಟಕ್ಕೇ ಕುತ್ತು ಬರಬಹುದು.

‘ಹಾಗಾದರೆ ನಾನು ಏನು ಮಾಡಲಿ ಮೇಡಂ?’ ಎಂದು ಆ ಮಗ ಕೇಳಿದರು. ಆಸ್ಪತ್ರೆಗೆ ಬರುವ ಮುಂಚೆ ಅಮ್ಮ ಏನು ಉಣ್ಣುತ್ತಿದ್ದರು, ಎಷ್ಟು ಉಣ್ಣುತ್ತಿದ್ದರು, ಅದನ್ನು ಸರಿಯಾಗಿ ಹೇಳಿ ಎಂದೆ. ಸ್ವಲ್ಪ ಯೋಚಿಸಿ, ‘ದೀಪಾವಳಿಯಿಂದ ಈಚೆಗೆ ಮುದ್ದೆ ಮುಟ್ಟಿಲ್ಲ, ಹೊತ್ತಿಗೆ ಒಂದು ಸೌಟು ಗಂಜಿ’ ಎಂದರು. ಅದನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದೆ. ಆ ದಿನದ ನಳಿಕೆ ಆಹಾರವನ್ನು ಅರ್ಧಕ್ಕಿಳಿಸಿ, ಫಾಸ್ಫೇಟ್ ಪರೀಕ್ಷೆ ಬರೆಸಲು ವೈದ್ಯರ ಬಳಿ ಹೋದೆ.