‘-ಸೈಡ್’ ಪದಗಳು: ಕಡಿಯೋದು ಯಾವುದು, ಬೀಳೋದು ಯಾವುದು?

ಇಂಗ್ಲಿಷ್‌ನಲ್ಲಿ ಸೈಡ್ ಅಂತ ಮುಗಿಯುವ ಕೊಲೆಯ ಪದಗಳ ಬಗ್ಗೆ ಈ ಟಿಪ್ಪಣಿ. ಇನ್‌ಸೈಡ್, ಔಟ್‌ಸೈಡ್‌ನಲ್ಲಿರುವ ಸೈಡ್ ಬೇರೆ, ಅದು ಎಸ್ ಅಕ್ಷರದ್ದು. ನಮಗೆ ಬೇಕಾದದ್ದು ಸಿ ಅಕ್ಷರದ ಸೈಡ್. ಹೋಮಿಸೈಡ್, ಪೆಸ್ಟಿಸೈಡ್ ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ವಿವರಿಸುತ್ತಾ ಕೂರುವುದಿಲ್ಲ.

ಬೇರು ಲ್ಯಾಟಿನ್‌ನ ‘ಕೈಡೆರೆ’. ಅಂದರೆ ಕಡಿ, ಕೊಲ್ಲು. ಇದರ ಹಿಂದೆ ಇನ್ನೊಂದು ಪದ ಬಂದು ಸೇರಿದರೆ ‘ಕೈ’ ಹೋಗಿ ‘ಕೀ’ ಆಗುತ್ತದೆ. ಕೊಂದವನು ‘-ಕೀಡ’, ಕೊಂದ ಕೆಲಸ ‘-ಕೀಡಿಯುಮ್’. ಲ್ಯಾಟಿನ್‌ನಲ್ಲಿ ಇವೆರಡೂ ಬೇರೆ ಬೇರೆ. ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬರುವಷ್ಟರಲ್ಲಿ ಬಾಲ ಸವೆದು ಎರಡೂ ಬರೀ ‘ಸೈಡ್’ ಆಗಿಬಿಟ್ಟವು. ಆಮೇಲೆ ಕೊಲ್ಲುವ ಔಷಧಿಗೂ ಅದೇ ಹೆಸರು. ನಮ್ಮಲ್ಲಾದರೆ ಹಂತಕ, ಹತ್ಯೆ, ನಾಶಕ ಅಂತ ಮೂರು ಪದ ಇವೆ. ಇಂಗ್ಲಿಷ್‌ನಲ್ಲಿ ವಾಕ್ಯ ನೋಡಿಯೇ ಯಾವುದು ಅಂತ ತಿಳಿಯಬೇಕು.

ರೆಜಿಸೈಡ್ ತಗೊಳ್ಳಿ, ರಾಜನ ಹತ್ಯೆ. 1649ರ ಜನವರಿ 30ರಂದು ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿದರು, ಆ ಘಟನೆ ರೆಜಿಸೈಡ್. ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದ್ದು 59 ಮಂದಿ, ಅವರೂ ರೆಜಿಸೈಡ್‌ಗಳೇ! ‘ಮೂವರು ರೆಜಿಸೈಡ್‌ಗಳು ಅಮೆರಿಕಕ್ಕೆ ಓಡಿಹೋದರು’ ಅಂತ ಓದಿದರೆ ಮೂರು ಕೊಲೆಗಳು ಹಡಗು ಹತ್ತಿದ ಹಾಗೆ ಕಾಣುತ್ತದೆ, ಅಲ್ವಾ? ಓಡಿಹೋದದ್ದು ಮನುಷ್ಯರು: ವ್ಹಾಲಿ, ಗಾಫ್, ಡಿಕ್ಸ್‌ವೆಲ್. ಇವತ್ತಿಗೂ ನ್ಯೂ ಹೇವನ್ ಊರಿನಲ್ಲಿ ಈ ಮೂವರ ಹೆಸರಿನ ರಸ್ತೆಗಳಿವೆ.

ಈಗ ಅಪರೂಪದವು, ಬೇಗ ಬೇಗ. ಅಕ್ಸೋರಿಸೈಡ್ ಅಂದರೆ ಹೆಂಡತಿಯನ್ನು ಕೊಲ್ಲುವುದು, ‘ಉಕ್ಸೋರ್’ ಹೆಂಡತಿ. ಗಂಡನನ್ನು ಕೊಂದರೆ ಮಾರಿಟಿಸೈಡ್. ಇದನ್ನು ಮ್ಯಾಟ್ರಿಸೈಡ್ ಜೊತೆ ಕಲಸಿಕೊಳ್ಳಬೇಡಿ, ಅದು ತಾಯಿಯ ಕೊಲೆ. ರೋಮ್‌ನ ನೀರೋ ಕ್ರಿ.ಶ. 59ರಲ್ಲಿ ತಾಯಿ ಅಗ್ರಿಪ್ಪೀನಾಳನ್ನು ಕೊಲ್ಲಿಸಿದ್ದು ಮ್ಯಾಟ್ರಿಸೈಡ್. ಸೊರೊರಿಸೈಡ್ ಅಂದರೆ ಅಕ್ಕ ಅಥವಾ ತಂಗಿಯ ಕೊಲೆ. ವ್ಯಾಟಿಸೈಡ್‌ಗೂ ಪೋಪ್ ಇರುವ ಜಾಗಕ್ಕೂ ಸಂಬಂಧ ಹುಡುಕಬೇಡಿ. ಇಲ್ಲಿರುವುದು ‘ವಾಟೆಸ್’, ದೇವರ ಮಾತು ನುಡಿಯುವವನು, ಕವಿಗೂ ಅದೇ ಪದ. ಜೆನೊಸೈಡ್, ಅಂದರೆ ಜನಾಂಗ ಹತ್ಯೆ, ಮಾತ್ರ ಬೆರಕೆ, ಮೊದಲರ್ಧ ಗ್ರೀಕ್, ಕೊನೆಯರ್ಧ ಲ್ಯಾಟಿನ್. ಅದನ್ನು ಕಟ್ಟಿದವರು ವಕೀಲ ರಾಫೆಲ್ ಲೆಮ್ಕಿನ್, ಅಚ್ಚಿಗೆ ಬಂದದ್ದು 1944ರಲ್ಲಿ. ನನಗೆ ಜಾಸ್ತಿ ಇಷ್ಟವಾದದ್ದು ವಲ್ಪಿಸೈಡ್. ಅರ್ಥ ನರಿಯನ್ನು ಕೊಲ್ಲುವುದು, ಆದರೆ ಇಂಗ್ಲೆಂಡಿನ ಹಳೆಯ ಬೇಟೆಗಾರರ ಬಾಯಲ್ಲಿ ನಾಯಿ ಬಿಟ್ಟು ಅಟ್ಟಿಸಿ ಕೊಂದರೆ ಅದು ವಲ್ಪಿಸೈಡ್ ಅಲ್ಲ, ಗುಂಡು ಹೊಡೆದೋ ಬೋನಿಟ್ಟೋ ಕೊಂದರೆ ಮಾತ್ರ ವಲ್ಪಿಸೈಡ್. ಸಾಯುವ ನರಿಗೆ ಏನು ವ್ಯತ್ಯಾಸವೋ!

ಇನ್ನು ತಲೆ ಕೆಡಿಸುವ ಭಾಗ. ಡಿಸೈಡ್, ಕೋಯಿನ್‌ಸೈಡ್ ಇವೂ ಅದೇ ಸಿ ಅಕ್ಷರದ ಸೈಡ್. ಇವುಗಳಲ್ಲಿ ಯಾರು ಯಾರನ್ನು ಕೊಂದರು? ಡಿಸೈಡ್ ನಿಜವಾಗಿ ನಮ್ಮ ಕುಟುಂಬದ್ದೇ. ಗೊಂದಲವನ್ನು ಕಡಿದು ಹಾಕುವುದು, ನಾವೂ ಕಡ್ಡಿ ಮುರಿದ ಹಾಗೆ ಅನ್ನುತ್ತೇವಲ್ಲ, ಹಾಗೆ. ಕೋಯಿನ್‌ಸೈಡ್ ಮಾತ್ರ ಈ ಮನೆಯದಲ್ಲ. ಅದು ‘ಕಡೆರೆ’ ಅನ್ನುವ ಇನ್ನೊಂದು ಕ್ರಿಯಾಪದದಿಂದ ಬಂದದ್ದು, ಅರ್ಥ ಬೀಳು. ಎರಡು ಸಂಗತಿ ಒಟ್ಟಿಗೆ ಬಂದು ಬಿದ್ದರೆ ಕೋಯಿನ್‌ಸೈಡ್.

ಕನ್ನಡದವರಿಗೆ ಇಲ್ಲಿ ಒಂದು ಹಳ್ಳ ಇದೆ. ಕಡೆರೆ ಅಂದ ಕೂಡಲೇ ‘ಕಡಿ’ ನೆನಪಾಗುತ್ತದೆ, ಆದರೆ ಅದು ಬೀಳುವ ಪದ. ಕಡಿಯುವುದು ಕೈಡೆರೆ. ನಾನು ಇಟ್ಟುಕೊಂಡ ಗುರುತು: ಕಡಿಯೋಕೆ ಕೈ ಬೇಕು. ಕೈ ಇದ್ದರೆ ಕೈಡೆರೆ, ಕೈ ಇಲ್ಲದ್ದು ಸುಮ್ನೆ ಬೀಳುತ್ತದೆ. ಇಷ್ಟು ಗಟ್ಟಿ ಮಾಡಿಕೊಂಡರೆ ಮುಂದಿನದು ಸಲೀಸು.

ಹಿಂದೆ ಉಪಸರ್ಗ ಸೇರಿದಾಗ ಕೈಡೆರೆ ‘ಕೀಡೆರೆ’ ಆಗುತ್ತದೆ, ಕಡೆರೆ ‘ಕಿಡೆರೆ’ ಆಗುತ್ತದೆ. ಒಂದು ದೀರ್ಘ, ಇನ್ನೊಂದು ಹ್ರಸ್ವ, ಅಷ್ಟೇ ವ್ಯತ್ಯಾಸ. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಐ ಅಕ್ಷರ ಬರೆಯುವುದರಿಂದ ಗೊತ್ತೇ ಆಗುವುದಿಲ್ಲ. ನಮ್ಮ ಲಿಪಿಯಲ್ಲಿ ಬರೆದುಕೊಳ್ಳಿ, ಕಣ್ಣಿಗೆ ಹೊಡೆಯುತ್ತದೆ. ‘ಒಕ್ಕೀಡೆರೆ’ ಅಂದರೆ ಕೊಲ್ಲು. ‘ಒಕ್ಕಿಡೆರೆ’ ಅಂದರೆ ಬೀಳು, ಮುಳುಗು. ಸೂರ್ಯ ಮುಳುಗುವ ದಿಕ್ಕಿಗೆ ಓ ಅಕ್ಷರದಿಂದ ಶುರುವಾಗುವ ಆಕ್ಸಿಡೆಂಟ್ ಅನ್ನುವುದು ಈ ಎರಡನೆಯದರಿಂದ. ಅಪಘಾತದ ಆಕ್ಸಿಡೆಂಟ್ ಸ್ಪೆಲಿಂಗ್ ಬೇರೆ, ಆದರೆ ಅದೂ ಬೀಳುವ ಮನೆಯದೇ.

ಹಾಗೆಯೇ ‘ಡೇಕೀಡೆರೆ’ಯಿಂದ ಡಿಸೈಡ್, ‘ಡೇಕಿಡೆರೆ’ಯಿಂದ ಡೆಸಿಡ್ಯುಅಸ್, ಅಂದರೆ ಎಲೆ ಉದುರಿಸುವ ಮರ. ಬಾಯೊಳಗೇ ಎರಡೂ ಬೇರು ಇವೆ ನೋಡಿ. ಹಾಲುಹಲ್ಲಿಗೆ ಡೆಸಿಡ್ಯುಅಸ್ ಹಲ್ಲು ಅನ್ನುತ್ತಾರೆ, ಬೀಳುತ್ತದೆ. ಬಾಚಿಹಲ್ಲಿಗೆ ಇನ್ಸೈಸರ್ ಅನ್ನುತ್ತಾರೆ, ಕತ್ತರಿಸುತ್ತದೆ.

ಲ್ಯಾಟಿನ್ ಬರದಿದ್ದರೂ ಪರೀಕ್ಷೆ ಮಾಡಬಹುದು. ಕ್ರಿಯಾಪದದಿಂದ ನಾಮಪದ ಮಾಡಿ. ಡಿಸೈಡ್‌ಗೆ ಡಿಸಿಷನ್ ಬರುತ್ತದೆ, ಕಡಿತ. ಕೋಯಿನ್‌ಸೈಡ್‌ಗೆ ಕೋಯಿನ್ಸಿಡೆನ್ಸ್ ಬರುತ್ತದೆ, ಬೀಳಿಕೆ. ಬರೀ ‘ಷನ್’ ನೋಡಿ ತೀರ್ಮಾನ ಮಾಡಬೇಡಿ, ಅಕೇಷನ್‌ಗೂ (ಸಂದರ್ಭ) ಷನ್ ಇದೆ, ಆದರೂ ಅದು ಬೀಳುವ ಪದ. ಷನ್‌ನ ಹಿಂದಿರುವ ಸ್ವರ ನೋಡಿ: ಸ್ಪೆಲಿಂಗ್‌ನಲ್ಲಿ ಐ ಇದ್ದರೆ ಕಡಿದದ್ದು, ಎ ಇದ್ದರೆ ಬಿದ್ದದ್ದು.