ತನ್ನದೇ ಇಮ್ಯುನಿಟಿಗೆ ಬಲಿಯಾದ ಇಲಿ

ಚಿಕ್ಕಮಗಳೂರಿನಲ್ಲಿ ಯಾವ ಮೆಡಿಕಲ್ ಶಾಪ್‌ಗೆ ಹೋದರೂ ಇಮ್ಯುನಿಟಿ ಹೆಚ್ಚಿಸುವ ಪುಡಿ, ಲೇಹ್ಯ ಕಣ್ಣಿಗೆ ಬೀಳುತ್ತವೆ. ಇಮ್ಯುನಿಟಿ ಅಂದರೆ ಟ್ಯಾಂಕಿಗೆ ತುಂಬುವ ನೀರಿದ್ದ ಹಾಗೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಜನ ನಂಬಿದ್ದಾರೆ. ನನಗೆ ಈ ನಂಬಿಕೆ ಕಂಡರೆ ಭಯ. ಅದು ಎಷ್ಟು ತಪ್ಪು ಅಂತ ಲ್ಯಾಬಿನ ಇಲಿಗಳು ಯಾವತ್ತೋ ತೋರಿಸಿಕೊಟ್ಟಿವೆ.

ಎಲ್‌ಸಿಎಂವಿ ಅಂತ ಒಂದು ವೈರಸ್ ಇದೆ, ಇಲಿಗಳದ್ದೇ. ಅದನ್ನು ಪೂರ್ತಿ ಬೆಳೆದ ಇಲಿಯ ಮೆದುಳಿಗೆ ಚುಚ್ಚಿದರೆ ನಾಲ್ಕೈದು ದಿನ ಏನೂ ಆಗುವುದಿಲ್ಲ. ತಿನ್ನುತ್ತದೆ, ಓಡಾಡುತ್ತದೆ. ಆಮೇಲೆ ಮೈ ರೋಮ ನಿಮಿರುತ್ತದೆ, ಬೆನ್ನು ಗೂನಾಗುತ್ತದೆ, ಬಾಲ ಹಿಡಿದು ಎತ್ತಿದರೆ ಸಾಕು, ಫಿಟ್ಸ್ ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಸಾಯುತ್ತದೆ. ವೈರಸ್ಸೇ ಕೊಂದಿತು ಅನ್ನಿಸುತ್ತದೆ ಅಲ್ವಾ? ಆದರೆ ಟಿ ಕಣಗಳೇ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳೇ, ಇಲ್ಲದ ಇಲಿಗೆ ಅದೇ ವೈರಸ್ ಚುಚ್ಚಿ ನೋಡಿ. ಮೈತುಂಬ ವೈರಸ್ ಇಟ್ಟುಕೊಂಡೇ ಅದು ಬದುಕಿರುತ್ತದೆ! ಈ ವೈರಸ್ ತಾನು ಹೊಕ್ಕ ಜೀವಕೋಶವನ್ನು ಹೆಚ್ಚುಕಮ್ಮಿ ಹಾಳೇ ಮಾಡುವುದಿಲ್ಲ. ಮೆದುಳಿನ ಪೊರೆಯಲ್ಲಿ ವೈರಸ್ ಇರುವ ಕೋಶಗಳನ್ನು ಹುಡುಕಿ ಹುಡುಕಿ ಹೊಡೆಯುವುದು ಇಲಿಯದೇ ಟಿ ಕಣಗಳು. ಇಲಿ ಸಾಯುವುದು ಆ ಹೊಡೆತಕ್ಕೆ.

1973ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೋಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇದೇ ವೈರಸ್ ಹಿಡಿದು ಕೂತರು. ಡೋಹರ್ಟಿ ಓದಿದ್ದು ಪಶುವೈದ್ಯಕೀಯ. ಒಂದು ತಳಿಯ ಇಲಿಯ ಟಿ ಕಣಗಳು ಅದೇ ತಳಿಯ ಸೋಂಕಿತ ಕೋಶಗಳನ್ನು ಕೊಂದವು, ಬೇರೆ ತಳಿಯ ಕೋಶದಲ್ಲಿ ಅದೇ ವೈರಸ್ ಇದ್ದರೂ ಮುಟ್ಟಲಿಲ್ಲ. ಅಂದರೆ ಟಿ ಕಣಕ್ಕೆ ವೈರಸ್ ಮಾತ್ರ ಕಂಡರೆ ಸಾಲದು, ಆ ಕೋಶ ನಮ್ಮದೇ ಅನ್ನುವ ಗುರುತೂ ಜೊತೆಯಲ್ಲೇ ಕಾಣಬೇಕು. 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಣ್ಣ-ತಂಗಿಯನ್ನೇ ಕೂಡಿಸುತ್ತಾ 20 ತಲೆಮಾರಿಗೂ ಮೀರಿ ಬೆಳೆಸಿದ, ಒಂದರ ಹಾಗೇ ಇನ್ನೊಂದು ಇರುವ ಇಲಿ ತಳಿಗಳು ಇಲ್ಲದಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮ ಕೊಪ್ಪ, ನರಸಿಂಹರಾಜಪುರದ ಜನರನ್ನು ಕಾಡುವ ಮಂಗನ ಕಾಯಿಲೆಯ ವೈರಸ್ ಸಿಕ್ಕಿದ್ದೂ ಇಲಿಮರಿಗಳಿಂದಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಾದರಿಗಳನ್ನು ಇಲಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು. ಆದರೆ ಇಲ್ಲಿ ಇಲಿ ಅರ್ಧ ದಾರಿ ಮಾತ್ರ ಜೊತೆಗೆ ಬರುತ್ತದೆ. ಇಲಿಯಲ್ಲಿ ಈ ವೈರಸ್ ಮುಖ್ಯವಾಗಿ ಮೆದುಳಿಗೆ ನುಗ್ಗುತ್ತದೆ. ಮನುಷ್ಯರಿಗೆ ಬರುವುದು ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ಮೂಗು-ವಸಡಿನಲ್ಲಿ ರಕ್ತ. ಅದಕ್ಕೇ ಈ ಕಾಯಿಲೆಯನ್ನು ಸರಿಯಾಗಿ ಅರಿಯಲು ವಿಜ್ಞಾನಿಗಳು ಇಲಿಯ ಜೊತೆಗೆ ನಮ್ಮ ಊರಿನ ಕೆಂಪು ಮುಖದ ಮಂಗಗಳ ಮೇಲೂ ಪ್ರಯೋಗ ಮಾಡಬೇಕಾಗಿದೆ.